ಮನೆಯ ಮಳೆನೀರಿನ ತೊಟ್ಟಿಗೆ ಬಾಳಿಕೆ ಬರುವ ಸಾಮಗ್ರಿ ಯಾವುದು?

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹಾಗೂ ತುಮಕೂರು ಜಿಲ್ಲೆಯ ಪಾವಗಡ ಸೀಮೆಯಲ್ಲಿ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು; ಬೇರೆ ನೀರು ಸಿಗದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಮಾತ್ರ ವಿನಾಯಿತಿ. ಇದಕ್ಕೂ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಬೆನ್ನು ಮತ್ತು ಕೀಲುಗಳು ಬಿಗಿಯುತ್ತವೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಮಳೆನೀರಿನಲ್ಲಿ ಈ ದೋಷ ಇಲ್ಲವೆನ್ನಬಹುದು. ಆದರೆ ಹಿಡಿದಿಟ್ಟ ನೀರು ಬೇಸಿಗೆಯ ಕೊನೆಯವರೆಗೆ ಉಳಿಯಬೇಕು. ಮಾರ್ಚ್ ತಿಂಗಳಲ್ಲೇ ಸೋರಿ ಬರಿದಾಗುವ ತೊಟ್ಟಿ ಮನೆಯವರನ್ನು ಮತ್ತೆ ಅದೇ ಕೊಳವೆಬಾವಿಗೆ ಕಳುಹಿಸುತ್ತದೆ.

ಐದು ಜನರ ಸಂಸಾರಕ್ಕೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ಎಂದರೆ ನವೆಂಬರಿನಿಂದ ಮೇ ಅಂತ್ಯದವರೆಗಿನ ಸುಮಾರು 210 ದಿನಗಳಿಗೆ 4,200 ಲೀಟರ್ ಬೇಕು. ಆದ್ದರಿಂದ 5,000 ಲೀಟರಿನ ತೊಟ್ಟಿ ಸಾಕು. 40 ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ, ಪೋಲಾಗುವುದನ್ನು ಕಳೆದು, 32 ಲೀಟರ್ ನೀರು ಸಿಗುತ್ತದೆ. ಅಂದರೆ 160 ಮಿ.ಮೀ. ಮಳೆಗೆ ತೊಟ್ಟಿ ತುಂಬುತ್ತದೆ.

ಇನ್ನು ಸಾಮಗ್ರಿಯ ವಿಚಾರ. ಸತುವಿನ ಲೇಪವಿರುವ ಕಬ್ಬಿಣದ ತಗಡಿನ ತೊಟ್ಟಿ ಹಗುರ, ಬೇಗ ನಿಲ್ಲಿಸಬಹುದು. ಆದರೆ ಮಳೆನೀರು ಮೆದು ನೀರು, ತುಸು ಆಮ್ಲಗುಣವುಳ್ಳದ್ದು. ಲೇಪವನ್ನು ನಿಧಾನವಾಗಿ ಕರಗಿಸುತ್ತದೆ. ತುಕ್ಕು ಮೊದಲು ಹಿಡಿಯುವುದು ತೇವದ ನೆಲಕ್ಕೆ ತಾಗುವ ತಳದ ಅಂಚಿಗೆ. ಕರಾವಳಿಯ ಉಪ್ಪುಗಾಳಿಗೆ ಇದನ್ನು ಯೋಚಿಸಲೇಬಾರದು.

ಪ್ಲಾಸ್ಟಿಕ್ ತೊಟ್ಟಿಗೆ ತುಕ್ಕಿಲ್ಲ. ಮಾನಕ ಮುದ್ರೆಯಿರುವ, ಬೆಳಕು ಒಳಗೆ ಹೋಗದ ತೊಟ್ಟಿಯನ್ನೇ ಕೊಳ್ಳಬೇಕು. ಬೆಳಕು ಹೋದರೆ ಪಾಚಿ ಕಟ್ಟುತ್ತದೆ. ಇದರ ಶತ್ರು ಬಿಸಿಲು. ತಳ ಪೂರ್ತಿಯಾಗಿ ಸಮತಟ್ಟಾದ ಕಟ್ಟೆಯ ಮೇಲೆ ಕೂರಬೇಕು. ನಾಲ್ಕು ಕಲ್ಲುಗಳ ಮೇಲೆ ಇಟ್ಟರೆ ಐದು ಟನ್ ನೀರಿನ ಭಾರಕ್ಕೆ ತಳ ಜೋತು ಬಿರಿಯುತ್ತದೆ. ಬಿರಿದುದನ್ನು ಊರಿನ ಗಾರೆಯವನು ದುರಸ್ತಿ ಮಾಡಲಾರ. ಕೈಯಲ್ಲಿ ಹಣವಿದ್ದು, ಕಟ್ಟಿಸಿ ನೀರುಣಿಸುವ ವ್ಯವಧಾನವಿಲ್ಲದವರಿಗೆ ಇದು ಪರವಾಗಿಲ್ಲ.

ಇಟ್ಟಿಗೆ, ಕಲ್ಲಿನ ಚೌಕ ತೊಟ್ಟಿ ಎಲ್ಲ ಊರಿನಲ್ಲೂ ಕಾಣುತ್ತದೆ. ಮೂಲೆಯಲ್ಲಿ ಸೋರುವುದೂ ಕಾಣುತ್ತದೆ. ನೀರು 1 ಮೀಟರ್ ಎತ್ತರ ನಿಂತರೆ ತಳದ ಬಳಿ ಗೋಡೆಯ ಪ್ರತಿ ಚದರ ಮೀಟರಿಗೆ ಸುಮಾರು 1,000 ಕಿ.ಗ್ರಾಂ. ಒತ್ತಡ ಬೀಳುತ್ತದೆ. ಚೌಕದಲ್ಲಿ ಗೋಡೆ ಹೊರಕ್ಕೆ ಬಾಗಲು ನೋಡುತ್ತದೆ, ಮೂಲೆ ಬಿರಿಯುತ್ತದೆ. ದುಂಡು ತೊಟ್ಟಿಯಲ್ಲಿ ಈ ಸೆಳೆತ ಸುತ್ತಲೂ ಸಮನಾಗಿ ಹಂಚಿಹೋಗುತ್ತದೆ. ಧಾರವಾಡ, ಗದಗ, ವಿಜಯಪುರದ ಎರೆಭೂಮಿಯಲ್ಲಿ ನೆಲದೊಳಗಿನ ತೊಟ್ಟಿ ಇನ್ನೂ ಅಪಾಯದ್ದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಗೋಡೆ ಸೀಳುತ್ತದೆ. ಅಲ್ಲಿ ಎರೆಯನ್ನು ತೆಗೆದು, ಗರಸು ತುಂಬಿ ದಮ್ಮಸ್ಸು ಮಾಡಿ, ನೆಲದ ಮೇಲೆಯೇ ತೊಟ್ಟಿ ಕಟ್ಟುವುದು ಕ್ಷೇಮ.

ಈ ಗಾತ್ರದ ತೊಟ್ಟಿಗೆ ಹೆಚ್ಚಿನ ರೈತರಿಗೆ ಒಪ್ಪುವುದು ಫೆರೋಸಿಮೆಂಟ್. ಕಬ್ಬಿಣದ ಬಲೆಗೆ ಸಿಮೆಂಟ್ ಗಾರೆ ಮೆತ್ತಿ ಮಾಡುವ ತೆಳು ಗೋಡೆಯಿದು. ಗಾರೆ ಒತ್ತಡವನ್ನು ತಾಳುತ್ತದೆ, ಸೆಳೆತವನ್ನು ತಾಳದು. ಆ ಸೆಳೆತವನ್ನು ಬಲೆ ಹೊರುತ್ತದೆ. ಹೀಗಾಗಿ 3 ಸೆಂ.ಮೀ. ದಪ್ಪದ ಗೋಡೆ ಸಾಕಾಗುತ್ತದೆ. ಥಾಯ್ಲೆಂಡ್ ದೇಶದ ಈಶಾನ್ಯ ಭಾಗದಲ್ಲಿ 1980ರ ದಶಕದಲ್ಲಿ ಇಂಥದೇ ಗಾರೆಯ ದೊಡ್ಡ ಹರವಿಗಳನ್ನು ಹಳ್ಳಿಗರು ಲಕ್ಷಗಟ್ಟಲೆ ಮಾಡಿಕೊಂಡರು.

5,000 ಲೀಟರಿಗೆ ಒಳ ಅಡ್ಡಳತೆ 2 ಮೀಟರ್, ನೀರಿನ ಎತ್ತರ 1.6 ಮೀಟರ್ ಇರಲಿ. ಕಾಂಕ್ರೀಟ್ ತಳದಿಂದ 6 ಮಿ.ಮೀ. ಕಂಬಿಗಳನ್ನು ಎಬ್ಬಿಸಿ, ಬಳೆಗಳನ್ನು ಕಟ್ಟಿ, ಮೇಲೆ ಕೋಳಿ ಬಲೆಯನ್ನು ಎರಡು ಸುತ್ತು ಬಿಗಿಯಬೇಕು. ಕೊಳವೆಗಳನ್ನು ಗಾರೆಗೆ ಮುಂಚೆಯೇ ಕೂರಿಸಬೇಕು. 1 ಪಾಲು ಸಿಮೆಂಟಿಗೆ 3 ಪಾಲು ಜರಡಿ ಹಿಡಿದ ಶುದ್ಧ ಮರಳು. 50 ಕಿ.ಗ್ರಾಂ. ಚೀಲಕ್ಕೆ ನೀರು 22 ಲೀಟರ್ ಮೀರಬಾರದು. ಕೈಗೆ ಸುಲಭವಾಗಲೆಂದು ಗಾರೆಯವರು ಇನ್ನಷ್ಟು ನೀರು ಸುರಿಯುವುದು ವಾಡಿಕೆ. ಆ ಹೆಚ್ಚಿನ ನೀರು ಆರಿದ ಜಾಗವೇ ನಾಳೆ ಸೋರುವ ದಾರಿ. ಬಲೆ ಎಲ್ಲಿಯೂ ಹೊರಗೆ ಕಾಣಬಾರದು, ಕಂಡಲ್ಲಿ ತುಕ್ಕು ಹಿಡಿಯುತ್ತದೆ. ಒಂದು ಪದರವನ್ನು ಆಯಾ ದಿನವೇ ಮುಗಿಸಿದರೆ ನಡುವೆ ಸಂದು ಉಳಿಯುವುದಿಲ್ಲ.

ಮರುದಿನ ಬೆಳಿಗ್ಗೆಯಿಂದಲೇ ಗೋಡೆಗೆ ಗೋಣಿತಾಟು ಸುತ್ತಿ 14 ದಿನ ಒದ್ದೆಯಾಗಿಡಬೇಕು. ತೊಟ್ಟಿ ಇಪ್ಪತ್ತು ವರ್ಷ ಬಾಳುವುದೋ ಎರಡೇ ವರ್ಷಕ್ಕೆ ಸೋರುವುದೋ ಬಹುಮಟ್ಟಿಗೆ ಈ ಎರಡು ವಾರಗಳಲ್ಲಿ ತೀರ್ಮಾನವಾಗುತ್ತದೆ. ನೀರಿನ ಕೊರತೆಯ ಊರಿನಲ್ಲಿ ಬೇಸಿಗೆಯಲ್ಲಿ ಕೆಲಸ ಹಿಡಿದು, ನೀರುಣಿಸಲು ನೀರಿಲ್ಲವೆಂದು ಕೈಬಿಡುವುದಕ್ಕಿಂತ ಮಳೆಗಾಲದ ಆರಂಭದಲ್ಲಿ ಕಟ್ಟುವುದು ಲೇಸು. ಆಮೇಲೆ ದಿನಕ್ಕೆ ಕಾಲು ಭಾಗದಂತೆ ತುಂಬಬೇಕು.

ಹೊಸ ಗಾರೆಯಿಂದ ಸುಣ್ಣ ಕರಗಿ ಮೊದಲ ನೀರಿನ ರಸಸಾರ ಏರುತ್ತದೆ. ಒಂದು ವಾರ ನಿಲ್ಲಿಸಿ ಹೊರಬಿಟ್ಟು, ತೊಳೆದ ಮೇಲೆ ಕುಡಿಯುವ ನೀರು ಹಿಡಿಯತಕ್ಕದ್ದು. ಒಳಗೆ ಡಾಂಬರನ್ನಾಗಲಿ ಬಾಗಿಲು ಕಿಟಕಿಯ ಬಣ್ಣವನ್ನಾಗಲಿ ಬಳಿಯಬಾರದು. ಮುಚ್ಚಳ ಭದ್ರವಾಗಿರಲಿ, ತುಂಬಿ ಹೊರಹರಿಯುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟದಿದ್ದರೆ ಡೆಂಗಿ ಸೊಳ್ಳೆ ಒಳಸೇರುತ್ತದೆ.

ತೊಟ್ಟಿಯನ್ನು ಪೂರ್ತಿ ಒಣಗಲು ಬಿಡಬಾರದು. ತಳದಲ್ಲಿ ಅರ್ಧ ಅಡಿ ನೀರು ಸದಾ ಇರಲಿ. ಕೂದಲೆಳೆಯಂಥ ಬಿರುಕು ಕಂಡರೆ ಗಾಬರಿ ಬೇಡ. ಅದರಲ್ಲಿ ಸುಣ್ಣ ಕೂತು ಕೆಲವು ದಿನಗಳಲ್ಲಿ ತಾನೇ ಮುಚ್ಚಿಕೊಳ್ಳುವುದುಂಟು. ಎರಡು ವಾರವಾದರೂ ಹೊರಗೆ ತೇವ ಕಾಣುತ್ತಿದ್ದರೆ ಜಾಗವನ್ನು ಗುರುತು ಹಾಕಿ, ನೀರನ್ನು ಅದಕ್ಕಿಂತ ಕೆಳಗಿಳಿಸಿ, ಒಳಗಿನಿಂದ ಬಿರುಕನ್ನು ಉಳಿಯಿಂದ ಅಗಲಿಸಿ, ತೇವ ಮಾಡಿ ಗಟ್ಟಿ ಗಾರೆ ತುಂಬಿ ಮತ್ತೆ ಒಂದು ವಾರ ಒದ್ದೆ ಗೋಣಿ ಮುಚ್ಚಬೇಕು.