ನಾಟಕಕ್ಕೆ ಯಾವ ಸೀರೆ?

ರಂಗಶಂಕರದಲ್ಲಿ ಮೊದಲ ಸಲ ನಾಟಕ ನೋಡಲು ಹೊರಟಿದ್ದೀರಿ, ಮದುವೆಯ ಕಾಂಜೀವರಂ ಉಡಲೇ ಎಂದು ಕೇಳಿದ್ದೀರಿ. ಬೇಡ ಎಂದೇ ನನ್ನ ಸಲಹೆ. 2004ರಲ್ಲಿ ಶುರುವಾದ ಆ ರಂಗಮಂದಿರದ ವೇದಿಕೆ ಪ್ರೇಕ್ಷಕರ ನಡುವಿಗೆ ಚಾಚಿಕೊಂಡಿದೆ. ಮೂರು ಕಡೆಯೂ ಜನ ಕೂರುತ್ತಾರೆ. ನಟರ ಮೇಲೆ ಬಿದ್ದ ಬೆಳಕು ಮುಂದಿನ ಸಾಲುಗಳ ಮೇಲೂ ಒಂದಿಷ್ಟು ಚೆಲ್ಲುತ್ತದೆ. ಅಗಲ ಜರಿಯಂಚು ಅಲ್ಲಿ ಮಿರುಗಿದರೆ ಎದುರು ಬದಿಯವರ ಕಣ್ಣು ಅತ್ತಲೇ ಹೋಗುತ್ತದೆ. ಗಟ್ಟಿ ರೇಷ್ಮೆ ಕಾಲು ಸರಿಸಿದಾಗಲೆಲ್ಲ ಸರಸರ ಎನ್ನುತ್ತದೆ. ಗಾಜಿನ ಬಳೆಯಂತೂ ಕೈ ಎತ್ತಿದರೆ ಸಾಕು. ನಟ ಮಾತು ನಿಲ್ಲಿಸಿ ಉಸಿರು ಹಿಡಿದ ಗಳಿಗೆಯಲ್ಲಿ ಈ ಸದ್ದು ಅಕ್ಕಪಕ್ಕದ ಸಾಲಿಗೆಲ್ಲ ಕೇಳುತ್ತದೆ. ಆ ಮೌನವನ್ನು ನಿರ್ದೇಶಕರು ಮಾತಿನಷ್ಟೇ ಜತನದಿಂದ ಕಟ್ಟಿರುತ್ತಾರೆ.

ಹಾಗಾದರೆ ಕಲೆಗೆ ಮರ್ಯಾದೆ ಬೇಡವೇ, ಜೀನ್ಸ್ ತೊಟ್ಟು ಹೋಗುವುದೇ ಎಂದು ನಿಮ್ಮ ಅತ್ತೆಯವರು ಕೇಳಿದ್ದಾರಂತೆ. ಅವರ ಮಾತಿನಲ್ಲಿ ಹುರುಳಿದೆ. ಜೀನ್ಸ್ ಅಲ್ಲಿ ಯಾರಿಗೂ ವಿಚಿತ್ರವೆನಿಸದು, ಆದರೂ ಚೆನ್ನಾಗಿ ಉಟ್ಟು ಹೋಗುವ ಸಂಭ್ರಮವನ್ನು ನೀವೇಕೆ ಬಿಡಬೇಕು? ಮೈಸೂರು ಸಿಲ್ಕ್ ಇದ್ದರೆ ತೆಗೆಯಿರಿ. ಬಿಗಿ ಹುರಿಯ ನೂಲಿನಿಂದ ನೇಯ್ದ ಕ್ರೇಪ್ ಅದು. ನೆರಿಗೆ ಮೆತ್ತಗೆ ಇಳಿಯುತ್ತದೆ, ಸದ್ದು ಮಾಡುವುದಿಲ್ಲ. ಸಣ್ಣ ಅಂಚಿನದೇ ಇರಲಿ. ಇಲ್ಲವೇ ಇಳಕಲ್ ಸೀರೆಗೆ ಗುಳೇದಗುಡ್ಡ ಖಣದ ರವಿಕೆ ಹಾಕಿ, ನೋಡಲು ಎಷ್ಟು ಚೆಂದ! ಮಲ್ಲಿಗೆ ಒಂದು ಮೊಳ ಸಾಕು. ತುರುಬಿನ ಮೇಲೆ ದಪ್ಪ ದಂಡೆ ಇಟ್ಟರೆ ಹಿಂದಿನವರಿಗೆ ಅಡ್ಡ. ಹೀಲ್ಸ್ ಬೇಡವೇ ಬೇಡ. ನಾಟಕ ಶುರುವಾದ ಮೇಲೆ ಅಲ್ಲಿ ಒಳಗೆ ಬಿಡುವುದಿಲ್ಲ, ಜೆ.ಪಿ. ನಗರದ ಟ್ರಾಫಿಕ್‌ನಲ್ಲಿ ಆಟೊ ಇಳಿದು ಬಿರುಸಾಗಿ ನಡೆಯಬೇಕಾದೀತು.