ಮಾರುವ ಮುನ್ನ ಹಳೆಯ ಜೀಪಿನ ಬೆಲೆ ಕಟ್ಟುವುದು ಹೇಗೆ?

ಮಲೆನಾಡು ಮತ್ತು ಕೊಡಗಿನ ಅನೇಕ ತೋಟಗಳಲ್ಲಿ ಕೊಟ್ಟಿಗೆಯ ಪಕ್ಕದಲ್ಲೋ ಗೊಬ್ಬರದ ಚೀಲಗಳ ಮರೆಯಲ್ಲೋ ತುಕ್ಕು ಹಿಡಿದ ಜೀಪೊಂದು ನಿಂತಿರುವುದು ಸಾಮಾನ್ಯ ದೃಶ್ಯ. ಅಜ್ಜನ ಕಾಲದಲ್ಲಿ ಕಾಫಿ, ಏಲಕ್ಕಿ, ಅಡಿಕೆ ಮೂಟೆಗಳನ್ನು ಹೊತ್ತು ಕೆಸರಿನ ದಾರಿಯಲ್ಲಿ ದುಡಿದ ವಾಹನವದು. ಹೊಸ ವಾಹನ ಬಂದ ಮೇಲೆ ಮೂಲೆ ಸೇರಿರುತ್ತದೆ. ಮನೆಗೆ ಹಣದ ಅಡಚಣೆ ಬಂದಾಗ ಅಥವಾ ಆಸ್ತಿ ಪಾಲಾಗುವಾಗ ಅದರ ನೆನಪಾಗುತ್ತದೆ.

ಇಂಥ ಸಂದರ್ಭದಲ್ಲಿ ಎರಡು ಬಗೆಯ ತಪ್ಪುಗಳು ಕಂಡುಬರುತ್ತವೆ. ಕೆಲವರು ಗುಜರಿಯವರು ಹೇಳಿದ ತೂಕದ ಬೆಲೆಗೆ ಜೀಪನ್ನು ಕೊಟ್ಟುಬಿಡುತ್ತಾರೆ. ಇನ್ನು ಕೆಲವರು ಹಳೆಯ ಜೀಪಿಗೆ ಲಕ್ಷಗಟ್ಟಲೆ ಬೆಲೆಯುಂಟೆಂಬ ಮಾತನ್ನು ನಂಬಿ, ಸಾಲ ಮಾಡಿ ರಿಪೇರಿ ಮಾಡಿಸಿ, ಹಾಕಿದ ಹಣವೂ ಹಿಂತಿರುಗದೆ ಪರಿತಪಿಸುತ್ತಾರೆ. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸದೆ ಮಂಡಿಗೆ ಒಯ್ಯದ ರೈತರು ಜೀಪನ್ನು ಮಾತ್ರ ಪರೀಕ್ಷಿಸದೆ ಮಾರುವುದು ಸರಿಯಲ್ಲ.

ಮೂರು ಬಗೆಯ ಬೆಲೆ

ಹಳೆಯ ಜೀಪಿಗೆ ಮೂರು ಬಗೆಯ ಬೆಲೆಯುಂಟು. ಮೊದಲನೆಯದು ಗುಜರಿ ಬೆಲೆ, ಅಂದರೆ ಕಬ್ಬಿಣದ ತೂಕ ಮತ್ತು ಬಿಡಿಭಾಗಗಳ ಬೆಲೆ. ಎರಡನೆಯದು ದುಡಿಮೆಯ ಬೆಲೆ. ತೋಟದಲ್ಲಿ ಮತ್ತೆ ಓಡಿಸಲು ಕೊಳ್ಳುವವರು ಕೊಡುವ ಬೆಲೆಯಿದು. ಮೂರನೆಯದು ಅಪರೂಪದ ವಸ್ತುವೆಂದು ಸಂಗ್ರಾಹಕರು ಕೊಡುವ ಬೆಲೆ. ತಮ್ಮ ಜೀಪು ಯಾವ ವರ್ಗಕ್ಕೆ ಸೇರಿದ್ದೆಂದು ತಿಳಿಯದೆ ಬೆಲೆ ಹೇಳಬಾರದು.

ಯಾವ ಜೀಪೆಂದು ಗುರುತಿಸುವುದು

ಎರಡನೇ ಮಹಾಯುದ್ಧಕ್ಕಾಗಿ 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಬಹುಮಟ್ಟಿಗೆ ಒಂದೇ ಮಾದರಿಯ ಜೀಪುಗಳನ್ನು ತಯಾರಿಸಿದವು. ಯುದ್ಧಾನಂತರ ಸೇನೆಯ ಹರಾಜಿನಲ್ಲಿ ಇಂಥ ಜೀಪುಗಳು ನಮ್ಮ ದೇಶದಲ್ಲೂ ಖಾಸಗಿಯವರ ಕೈಸೇರಿದವು. ಇವುಗಳಲ್ಲಿ ಬಹುತೇಕ ಜೀಪುಗಳ ಮುಂದಿನ ಗ್ರಿಲ್‌ನಲ್ಲಿ 9 ಸೀಳುಗಳಿರುತ್ತವೆ. ದೀಪಗಳು ಗ್ರಿಲ್‌ನಿಂದ ಒಳಸರಿದಿರುತ್ತವೆ. ಹಿಂಬದಿಯಲ್ಲಿ ತೆರೆಯುವ ಬಾಗಿಲಿರುವುದಿಲ್ಲ. ರೇಡಿಯೇಟರಿನ ಮುಂದೆ ಚಾಸಿಸ್‌ನ ಎರಡು ತೊಲೆಗಳನ್ನು ಕೂಡಿಸುವ ಅಡ್ಡಕಂಬಿ ದುಂಡು ಕೊಳವೆಯಾಗಿದ್ದರೆ ಅದು ವಿಲ್ಲೀಸ್. ಕವುಚಿದ ತೊಟ್ಟಿಯ ಆಕಾರದಲ್ಲಿದ್ದರೆ ಫೋರ್ಡ್. ಫೋರ್ಡ್ ಜೀಪಿನ ಅನೇಕ ಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ಇಂಗ್ಲಿಷಿನ ಎಫ್ ಅಕ್ಷರದ ಅಚ್ಚು ಇರುತ್ತದೆ.

1945ರ ನಂತರ ನಾಗರಿಕರಿಗಾಗಿ ಬಂದ ಸಿಜೆ-2ಎ ಮಾದರಿಯ ಗ್ರಿಲ್‌ನಲ್ಲಿ 7 ಸೀಳುಗಳಿದ್ದು, ಹಿಂಬಾಗಿಲು ಇರುತ್ತದೆ. ಬಾನೆಟ್ ಎತ್ತರವಾಗಿ ಉಬ್ಬಿದಂತಿದ್ದರೆ ಅದು ಸಾಮಾನ್ಯವಾಗಿ ಸಿಜೆ-3ಬಿ. ವಿಲ್ಲೀಸ್ ಕಂಪನಿ ಇದನ್ನು 1953ರಲ್ಲಿ ಹೊರತಂದಿತು. ಮಹೀಂದ್ರ ಕಂಪನಿ ಈ ಮಾದರಿಯನ್ನು ನಮ್ಮ ದೇಶದಲ್ಲಿ ದೀರ್ಘಕಾಲ ತಯಾರಿಸಿದ್ದರಿಂದ ತೋಟಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇದಕ್ಕೆ ದುಡಿಮೆಯ ಬೆಲೆ ಚೆನ್ನಾಗಿದ್ದರೂ ಅಪರೂಪದ ಬೆಲೆ ಯುದ್ಧಕಾಲದ ಜೀಪಿನಷ್ಟಿಲ್ಲ.

ಗ್ರಿಲ್ ಮತ್ತು ಬಾನೆಟ್ಟನ್ನು ಬದಲಾಯಿಸುವುದು ಸುಲಭ. ಆದ್ದರಿಂದ ಹೊರನೋಟವನ್ನೇ ನಂಬದೆ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಓದಿ, ಆರ್.ಸಿ. ಪುಸ್ತಕದೊಡನೆ ಹೋಲಿಸಬೇಕು. ಸಂಖ್ಯೆಯ ಮೇಲಿನ ಮಣ್ಣನ್ನು ಸೀಮೆಎಣ್ಣೆಯ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು, ಅರದಿಂದ ಉಜ್ಜಬಾರದು. ಉಜ್ಜಿದ ಸಂಖ್ಯೆ ಕಳ್ಳಮಾಲಿನ ಅನುಮಾನಕ್ಕೆ ಕಾರಣವಾಗುತ್ತದೆ. ಡ್ಯಾಶ್‌ಬೋರ್ಡಿನ ಹಳೆಯ ಹಿತ್ತಾಳೆ ಅಥವಾ ತಗಡಿನ ಫಲಕಗಳನ್ನು ಕೀಳಬಾರದು.

ತುಕ್ಕಿನ ಪರೀಕ್ಷೆ

ಕಬ್ಬಿಣ, ನೀರು ಮತ್ತು ಗಾಳಿಯ ಆಮ್ಲಜನಕ ಸೇರಿದಾಗ ತುಕ್ಕು ಉಂಟಾಗುತ್ತದೆ. ಲವಣಗಳಿದ್ದರೆ ಅದರ ವೇಗ ಹೆಚ್ಚುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್; ಅದು ಗಾಳಿಯ ತೇವದೊಡನೆ ಸೇರಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಆದ್ದರಿಂದ ಗೊಬ್ಬರದ ಚೀಲಗಳ ಪಕ್ಕದಲ್ಲಿ ನಿಂತ ಜೀಪು, ಒಣ ಷೆಡ್ಡಿನಲ್ಲಿ ನಿಂತ ಜೀಪಿಗಿಂತ ಹೆಚ್ಚು ಹಾಳಾಗಿರುತ್ತದೆ.

ಪರೀಕ್ಷೆಗೆ ಬೇಕಾದದ್ದು ಸಣ್ಣ ಸುತ್ತಿಗೆ, ಚೀಲ ಹೊಲಿಯುವ ದಬ್ಬಳ, ಟಾರ್ಚು ಮತ್ತು ತೆಳುಬಟ್ಟೆ ಸುತ್ತಿದ ಅಯಸ್ಕಾಂತ. ತುಕ್ಕನ್ನು ಮೂರು ದರ್ಜೆಯಾಗಿ ಬರೆದುಕೊಳ್ಳಬೇಕು.

1. ಮೇಲ್ತುಕ್ಕು: ಕೆಂಪು ಪುಡಿ ಕೈಗೆ ಹತ್ತುತ್ತದೆ, ಸುತ್ತಿಗೆ ತಟ್ಟಿದರೆ ಗಟ್ಟಿ ಸದ್ದು ಬರುತ್ತದೆ. ಇದರಿಂದ ಬೆಲೆ ಹೆಚ್ಚು ಕುಂದದು.

2. ಪದರತುಕ್ಕು: ಹಪ್ಪಳದಂತೆ ಪದರ ಏಳುತ್ತದೆ, ಸದ್ದು ಮಂದವಾಗಿರುತ್ತದೆ. ಟಿಂಕರಿಂಗ್ ಕೆಲಸ ಬೇಕಾಗುತ್ತದೆ.

3. ತೂತುತುಕ್ಕು: ದಬ್ಬಳ ಒತ್ತಿದರೆ ಒಳಗೆ ಇಳಿಯುತ್ತದೆ. ಆ ಭಾಗವನ್ನು ಕತ್ತರಿಸಿ ಹೊಸ ತಗಡು ಕೂಡಿಸಬೇಕಾಗುತ್ತದೆ.

ಮುಖ್ಯವಾಗಿ ನೋಡಬೇಕಾದ ಸ್ಥಳಗಳೆಂದರೆ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಸೇರುವ ಕಡೆಯ ಚಾಸಿಸ್, ಬಾಡಿಯನ್ನು ಚಾಸಿಸ್‌ಗೆ ಕೂಡಿಸುವ ಬೋಲ್ಟಿನ ಸುತ್ತಲಿನ ಭಾಗ, ಬ್ಯಾಟರಿಯ ಕೆಳಭಾಗ, ಹಾಗೂ ಚಾಲಕನ ಸೀಟಿನಡಿ ಪೆಟ್ರೋಲ್ ಟ್ಯಾಂಕ್ ಕೂರುವ ತಗ್ಗು. ಈ ತಗ್ಗಿನಲ್ಲಿ ನೀರು ನಿಂತು ತಗಡು ಕೊಳೆಯುವುದುಂಟು. ಅಯಸ್ಕಾಂತ ಹಿಡಿಯದ ಕಡೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆಂದು ತಿಳಿಯಬೇಕು. ನೆಲದ ತಗಡು ತೂತಾದರೆ ಗಾಬರಿ ಬೇಡ. ಅದು ಬದಲಾಯಿಸಬಹುದಾದ ಭಾಗ. ಚಾಸಿಸ್ಸೇ ತೂತಾಗಿದ್ದರೆ ಮಾತ್ರ ಬೆಲೆ ಬಹಳ ಕುಸಿಯುತ್ತದೆ.

ಎಂಜಿನ್ ಪರೀಕ್ಷೆ

ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಬ್ಯಾಟರಿ ಕೂಡಿಸಿ ಅಥವಾ ತಳ್ಳಿ ಒಮ್ಮೆಲೇ ಚಾಲೂ ಮಾಡಲು ಯತ್ನಿಸಬಾರದು. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಹಾಕಿ, ಒಂದೆರಡು ದಿನ ಬಿಟ್ಟು, ಮುಂದಿನ ಹ್ಯಾಂಡಲಿನಿಂದ ನಿಧಾನವಾಗಿ ತಿರುಗಿಸಬೇಕು. ತಿರುಗಿದರೆ "ಎಂಜಿನ್ ತಿರುಗುತ್ತದೆ" ಎಂದು ಹೇಳುವ ಹಕ್ಕು ಮಾರುವವರಿಗೆ ಬರುತ್ತದೆ; ಇದೊಂದೇ ಮಾತಿನಿಂದ ಬೆಲೆಯಲ್ಲಿ ವ್ಯತ್ಯಾಸವಾಗುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆತಂತಿದ್ದರೆ ನೀರು ಸೇರಿದೆಯೆಂದು ಅರ್ಥ.

ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳು ಬಹಳ ಇವೆ. ಇದು ದುಡಿಮೆಯ ಬೆಲೆಯನ್ನು ಹೆಚ್ಚಿಸಿದರೂ ಅಪರೂಪದ ಬೆಲೆಯನ್ನು ತಗ್ಗಿಸುತ್ತದೆ. ಈ ಬದಲಾವಣೆ ಆರ್.ಸಿ.ಯಲ್ಲಿ ನಮೂದಾಗಿದೆಯೇ ಎಂದು ನೋಡಬೇಕು. ತೆಗೆದಿಟ್ಟ ಮೂಲ ಎಂಜಿನ್ ಅಟ್ಟದಲ್ಲಿದ್ದರೆ ಅದನ್ನು ಬೇರೆಯಾಗಿ ಮಾರದೆ ಜೀಪಿನೊಡನೆ ಕೊಡುವುದು ಲಾಭದಾಯಕ.

ಕಾಗದಪತ್ರಗಳು

ಅನೇಕ ಜೀಪುಗಳ ಆರ್.ಸಿ. ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಇರುತ್ತದೆ. ಮೊದಲು ವಾರಸುದಾರರೆಲ್ಲರ ಒಪ್ಪಿಗೆ ಪಡೆದು ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಬಳಿಕ ಮಾರುವಾಗ ನಮೂನೆ 29 ಮತ್ತು 30 ಅಗತ್ಯ. ಹಣ ಕೈಸೇರಿತೆಂದು ವರ್ಗಾವಣೆಯನ್ನು ಕಡೆಗಣಿಸಬಾರದು. ಅಪಘಾತ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕರ ಮೇಲೇ ಬೀಳುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟಪಡಿಸಿದೆ.

ಕೇಂದ್ರ ಸರ್ಕಾರವು 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನವನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ರಸ್ತೆಯಲ್ಲಿ ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ತೋಟದ ದುಡಿಮೆಗೆಂದು ಕೊಳ್ಳುವವರಿಗೆ ಈ ನೋಂದಣಿಯಿಂದ ಪ್ರಯೋಜನವಿಲ್ಲ.

ಬೆಲೆಯ ಲೆಕ್ಕ

ಸುಸ್ಥಿತಿಯ ಬೆಲೆಯಿಂದ ರಿಪೇರಿ ಖರ್ಚನ್ನೂ, ಕಣ್ಣಿಗೆ ಕಾಣದ ದೋಷಗಳಿಗೆಂದು ಆ ಖರ್ಚಿನ ಐದನೇ ಒಂದು ಭಾಗವನ್ನೂ ಕಳೆದರೆ ಇದ್ದ ಸ್ಥಿತಿಯ ಬೆಲೆ ದೊರೆಯುತ್ತದೆ. ಕ್ರಮವನ್ನು ತಿಳಿಯಲು ಒಂದು ಕಲ್ಪಿತ ಲೆಕ್ಕ ನೋಡಬಹುದು. ಓಡುವ ಸ್ಥಿತಿಯ ಅಂಥದೇ ಜೀಪು ರೂ. 2,00,000ಕ್ಕೆ ಹೋಗುತ್ತದೆಂದೂ, ಟಿಂಕರಿಂಗ್‌ಗೆ 60,000, ಎಂಜಿನ್ನಿಗೆ 50,000, ಟೈರು, ಬ್ರೇಕು, ವೈರಿಂಗಿಗೆ 30,000 ಬೇಕೆಂದೂ ಇಟ್ಟುಕೊಂಡರೆ ಒಟ್ಟು ಖರ್ಚು 1,40,000. ಐದನೇ ಒಂದು ಭಾಗ 28,000. ಎರಡನ್ನೂ ಕಳೆದರೆ ಉಳಿಯುವುದು ರೂ. 32,000. ಸುಮಾರು 900 ಕಿಲೋ ಕಬ್ಬಿಣಕ್ಕೆ ಕಿಲೋಗೆ 30 ರೂಪಾಯಿಯಂತೆ ಗುಜರಿ ಬೆಲೆ 27,000. ಎರಡಕ್ಕೂ ಅಂತರ ಕೇವಲ 5,000.

ಇಂಥ ಜೀಪಿಗೆ ಸಾಲ ತಂದು ರಿಪೇರಿ ಮಾಡಿಸುವುದು ನಷ್ಟದ ದಾರಿ. ಅದೇ ಜೀಪಿನ ಚಾಸಿಸ್ ಗಟ್ಟಿಯಾಗಿದ್ದು, ಎಂಜಿನ್ ತಿರುಗಿ, ಖರ್ಚು 60,000ಕ್ಕೆ ಇಳಿದರೆ ಇದ್ದ ಸ್ಥಿತಿಯ ಬೆಲೆ 1,28,000ಕ್ಕೆ ಏರುತ್ತದೆ. ಅರ್ಧ ದಿನದ ಪರೀಕ್ಷೆಯ ಫಲ ಇದು. ಯುದ್ಧಕಾಲದ ಜೀಪೆಂದು ಸಂಖ್ಯೆಗಳಿಂದ ಖಚಿತವಾದರೆ ಈ ಲೆಕ್ಕ ಸಾಲದು. ಕನಿಷ್ಠ ಮೂವರು ಸಂಗ್ರಾಹಕರಿಂದ ಬೆಲೆ ಕೇಳಿ ನಿರ್ಧರಿಸಬೇಕು.

ಗಮನದಲ್ಲಿಡಬೇಕಾದ ಅಂಶಗಳು

ಮಾರುವ ಮುನ್ನ ಬಣ್ಣ ಬಳಿಸಬಾರದು. ಬಣ್ಣ ತುಕ್ಕನ್ನು ಮರೆಮಾಡುತ್ತದೆ, ಕೊಳ್ಳುವವರ ಅನುಮಾನವನ್ನು ಹೆಚ್ಚಿಸುತ್ತದೆ. ಜೀಪನ್ನು ತೊಳೆದು, ಒಣಗಿಸಿ, ಗೊಬ್ಬರದಿಂದ ದೂರ ನಿಲ್ಲಿಸಿದರೆ ಸಾಕು. ಸ್ಟೆಪ್ನಿ, ಜಾಕ್, ಹ್ಯಾಂಡಲ್, ಹಳೆಯ ರಸೀತಿಗಳನ್ನೆಲ್ಲ ಒಂದೆಡೆ ಸೇರಿಸಬೇಕು. ದೋಷಗಳ ಪಟ್ಟಿಯನ್ನು ಕೊಳ್ಳುವವರ ಕೈಗೆ ಕೊಟ್ಟು, ಅದರ ಪ್ರತಿಗೆ ಸಹಿ ಪಡೆಯಬೇಕು.

ಒಟ್ಟಿನಲ್ಲಿ, ಹಳೆಯ ಜೀಪಿನ ಬೆಲೆಯನ್ನು ತೀರ್ಮಾನಿಸುವುದು ಅದರ ವಯಸ್ಸೂ ಅಲ್ಲ, ಮೇಲಿನ ತುಕ್ಕೂ ಅಲ್ಲ. ಚಾಸಿಸ್, ಸಂಖ್ಯೆ ಮತ್ತು ಕಾಗದಪತ್ರ. ಈ ಮೂರನ್ನು ಅರಿತ ರೈತರು ಗುಜರಿಯವರೆದುರಾಗಲಿ, ಸಂಗ್ರಾಹಕರೆದುರಾಗಲಿ ಧೈರ್ಯದಿಂದ ಬೆಲೆ ಹೇಳಬಲ್ಲರು.