ಒಡನಾಡಿಗಳೊಡನೆ ಬೆರೆಯಲು ಮಗುವಿಗೆ ಅದರದೇ ಚಿತ್ರದ ಪಾಠ

ಮಗುವಿನ ತೂಕ, ಆಹಾರ ಮತ್ತು ಚುಚ್ಚುಮದ್ದುಗಳ ಕಡೆಗೆ ತಾಯಿತಂದೆಯರು ಗಮನ ಕೊಡುತ್ತಿರುವುದು ಸಂತೋಷದ ಸಂಗತಿ. ಆದರೆ ಆರೋಗ್ಯವೆಂದರೆ ಶರೀರದ ಆರೋಗ್ಯ ಮಾತ್ರವಲ್ಲ. ಮೂರು ವರ್ಷ ತುಂಬಿದ ಮೇಲೆ ಮಗುವು ಓರಗೆಯವರೊಡನೆ ಆಡಲು, ಹಂಚಿಕೊಳ್ಳಲು, ತನ್ನ ಸರದಿಗಾಗಿ ಕಾಯಲು ಕ್ರಮೇಣ ಕಲಿಯಬೇಕು. ಸದಾ ತಳ್ಳುವ, ಆಟಿಕೆ ಕಸಿಯುವ ಮಗುವನ್ನು ಇತರರು ಆಟಕ್ಕೆ ಸೇರಿಸುವುದಿಲ್ಲ. ಸಂಕೋಚದಿಂದ ದೂರ ನಿಲ್ಲುವ ಮಗುವನ್ನು ಯಾರೂ ಕರೆಯುವುದಿಲ್ಲ. ಆಟಕ್ಕೆ ಸೇರದ ಮಗುವಿಗೆ ಕೂಡಿ ಆಡುವುದನ್ನು ಕಲಿಯುವ ಅವಕಾಶವೇ ತಪ್ಪುತ್ತದೆ. ಹೀಗೆ ಸಣ್ಣ ತೊಂದರೆಯು ದಿನೇ ದಿನೇ ಬೆಳೆಯುತ್ತದೆ.

ಇಂತಹ ಮಗುವನ್ನು ಗದರಿಸುವುದರಿಂದಾಗಲಿ ಹೊಡೆಯುವುದರಿಂದಾಗಲಿ ಪ್ರಯೋಜನವಿಲ್ಲ. ಆಟದ ಭರದಲ್ಲಿ ತಾನು ಏನು ಮಾಡುತ್ತಿರುವೆನೆಂಬುದು ಮಗುವಿಗೆ ಕಾಣುವುದಿಲ್ಲ. ಅದನ್ನು ಕಾಣಿಸುವ ಸಾಧನವೇ ವಿಡಿಯೋ.

ಇದರ ಆಧಾರವೇನು?

ಮಕ್ಕಳು ಕೇಳಿದ್ದಕ್ಕಿಂತ ಕಂಡದ್ದನ್ನು ಬೇಗನೆ ಅನುಸರಿಸುತ್ತಾರೆ. ದೊಡ್ಡವರು ಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಮಾಡುವರೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದರು. ಒಳ್ಳೆಯ ನಡತೆಗೂ ಇದೇ ನಿಯಮವು ಅನ್ವಯಿಸುತ್ತದೆ. 1969ರಲ್ಲಿ ರಾಬರ್ಟ್ ಓಕಾನರ್ ಅವರು, ಮಕ್ಕಳು ಒಬ್ಬೊಬ್ಬರಾಗಿ ಆಟಕ್ಕೆ ಸೇರುವ 23 ನಿಮಿಷಗಳ ಚಲನಚಿತ್ರವನ್ನು ಸಂಕೋಚದ ಶಿಶುವಿಹಾರದ ಮಕ್ಕಳಿಗೆ ತೋರಿಸಿದರು. ಬೇರೊಂದು ವಿಷಯದ ಚಿತ್ರವನ್ನು ನೋಡಿದವರಿಗಿಂತ ಇವರು ಒಡನಾಡಿಗಳೊಡನೆ ಹೆಚ್ಚು ಬೆರೆತರು. ಮರುವರ್ಷ ಕ್ರೀರ್ ಮತ್ತು ಮಿಕ್ಲಿಕ್ ಎಂಬುವರು ಆಸ್ತಮಾ ಪೀಡಿತ ಬಾಲಕನೊಬ್ಬನಿಗೆ ಅವನದೇ ಸರಿಯಾದ ನಡತೆಯ ಚಿತ್ರವನ್ನು ತೋರಿಸಿ ಸುಧಾರಣೆ ಕಂಡರು. ಈ ಕ್ರಮವನ್ನು ಮುಂದೆ ಪೀಟರ್ ಡೌರಿಕ್ ಮೊದಲಾದವರು ಬೆಳೆಸಿದರು. ಆಟಿಸಂ ಇರುವ ಮಕ್ಕಳಿಗೂ ಇದು ಉಪಯುಕ್ತವೆಂದು 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತಿಳಿಸಿತು.

ನೀವು ಮಾಡಬೇಕಾದುದೇನು?

1. ಒಂದೇ ಒಂದು ಗುರಿಯನ್ನು ಆರಿಸಿಕೊಳ್ಳಿ. ಉದಾಹರಣೆಗೆ: ಕಸಿಯುವ ಬದಲು "ನನಗೂ ಕೊಡುತ್ತೀಯಾ?" ಎಂದು ಕೇಳುವುದು.

2. ಕುಂಟಾಬಿಲ್ಲೆ, ಚೌಕಾಬಾರದಂತಹ ನಿತ್ಯದ ಆಟವನ್ನು ಕೆಲವು ನಿಮಿಷಗಳ ಕಾಲ ಮೊಬೈಲಿನಲ್ಲಿ ಚಿತ್ರಿಸಿರಿ. ಇತರ ಮಕ್ಕಳ ಪೋಷಕರ ಒಪ್ಪಿಗೆಯನ್ನು ಮೊದಲೇ ಪಡೆಯತಕ್ಕದ್ದು. ಅಗತ್ಯವಾದರೆ ಹೇಳಬೇಕಾದ ಮಾತನ್ನು ಮಗುವಿಗೆ ಹೇಳಿಕೊಡಿ.

3. ಮಗು ಚೆನ್ನಾಗಿ ನಡೆದುಕೊಂಡ ಭಾಗವನ್ನು ಮಾತ್ರ ಉಳಿಸಿ, ನೀವು ಹೇಳಿಕೊಟ್ಟ ಭಾಗವನ್ನೂ ಜಗಳವನ್ನೂ ತೆಗೆದುಹಾಕಿ. ಒಂದೆರಡು ನಿಮಿಷಗಳಷ್ಟಿದ್ದರೆ ಸಾಕು.

4. ಮಗು ಶಾಂತವಾಗಿರುವಾಗ ಜೊತೆಯಲ್ಲಿ ಕುಳಿತು ನೋಡಿರಿ. "ಇಲ್ಲಿ ನೀನು ಏನು ಮಾಡಿದೆ? ಆಗ ನಿನ್ನ ಗೆಳೆಯನ ಮುಖ ಹೇಗಿತ್ತು?" ಎಂದು ಕೇಳಿ, ಉತ್ತರಕ್ಕಾಗಿ ಕಾಯಿರಿ.

5. ನೋಡಿದ ಕೂಡಲೇ ಆಟಕ್ಕೆ ಕಳುಹಿಸಿರಿ. ಕೆಲವು ದಿನ ಇದನ್ನು ಪುನರಾವರ್ತಿಸಿ, ಮಗು ದಿನಕ್ಕೆ ಎಷ್ಟು ಬಾರಿ ಕೇಳಿ ಪಡೆಯಿತೆಂಬುದನ್ನು ಗುರುತು ಹಾಕಿಕೊಳ್ಳಿ. ಗುರಿ ಕೈಗೂಡಿದ ಮೇಲೆ ಮುಂದಿನ ಗುರಿಗೆ ಹೋಗಿರಿ.

ಎಚ್ಚರಿಕೆಗಳು

ಅಳುವ, ಹೊಡೆಯುವ ದೃಶ್ಯವನ್ನು ತೋರಿಸಿ ಮಗುವನ್ನು ನಾಚಿಸಬಾರದು, ನೆಂಟರಿಷ್ಟರ ಮುಂದೆ ತೋರಿಸಿ ನಗಬಾರದು, ಯಾರಿಗೂ ಕಳುಹಿಸಬಾರದು. ಕೆಲಸ ಮುಗಿದ ಮೇಲೆ ಅಳಿಸಿಹಾಕಬೇಕು. ನಾಚಿಕೆಪಟ್ಟ ಮಗುವು ಗುಂಪಿನಿಂದ ಇನ್ನಷ್ಟು ದೂರ ಸರಿಯುತ್ತದೆ. ಅಲ್ಲದೆ, ಇದು ಮಗುವಿನ ಕೈಗೆ ಮೊಬೈಲು ಕೊಡಲು ನೆಪವಾಗಬಾರದು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ನೀಡಿದೆ.

ಹೆಸರು ಕರೆದರೂ ತಿರುಗದ, ಮುಖ ಕೊಟ್ಟು ನೋಡದ, ವಯಸ್ಸಿಗೆ ತಕ್ಕಂತೆ ಮಾತನಾಡದ ಮಗುವಿಗೆ ಮನೆಯ ಪ್ರಯತ್ನವೊಂದೇ ಸಾಲದು. ಕಿವಿ ಕೇಳದಿರುವುದೂ ಇದಕ್ಕೆ ಕಾರಣವಾಗಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ತಪಾಸಣೆ ನಡೆಯುತ್ತದೆ. ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿರಿ.

ಮಗುವಿನ ತಪ್ಪುಗಳು ಎಲ್ಲರಿಗೂ ಕಾಣುತ್ತವೆ. ಅದು ಸರಿಯಾಗಿ ನಡೆದುಕೊಂಡ ಒಂದು ಗಳಿಗೆಯನ್ನು ಹುಡುಕಿ ಅದಕ್ಕೇ ತೋರಿಸುವುದು ತಾಯಿತಂದೆಯರ ಕೆಲಸ. ಇಂದೇ ಆರಂಭಿಸಿರಿ.